ಅಗ್ಗದ ರಿವಾಲ್ವರು: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಹಗಲೆಲ್ಲ ಜನರಿಂದ ಕಿಕ್ಕಿರಿದಿದ್ದ ಬೀದಿ ಬರಿದಾಗುತ್ತದೆ. ಆಗ, ಅಂದಿನ ವ್ಯಾಪಾರದ ಹಣವನ್ನು ಎಣಿಸಿ ಮೇಜಿನ ಖಾನೆಗೆ ಬೀಗ ಹಾಕುವ ವರ್ತಕನ ಮನಸ್ಸಿನಲ್ಲಿ ಅಳುಕೊಂದು ಸುಳಿದು ಹೋಗುವುದು ಸಹಜ.

ಅಂಥ ಸಂಸಾರವೊಂದನ್ನು ವಾಚಕರು ಕಣ್ಮುಂದೆ ತಂದುಕೊಳ್ಳಬಹುದು. ಕೆಳಗೆ ಜವಳಿ ಅಂಗಡಿ, ಮಹಡಿಯ ಮೇಲೆ ಮನೆ. ಯಜಮಾನನಿಗೆ ನಲವತ್ತೈದರ ಪ್ರಾಯ. ಮನೆಯಲ್ಲಿ ಹೆಂಡತಿ, ವೃದ್ಧೆಯಾದ ತಾಯಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನಲ್ಲಿ ಓದುವ ಮಗ. ನೆರೆಬೀದಿಯಲ್ಲಿ ಕಳ್ಳತನವಾಯಿತೆಂಬ ಸುದ್ದಿ ಬಂದ ದಿನ ಊಟಕ್ಕೆ ಕುಳಿತಾಗ ಯಜಮಾನ ಮಾತು ತೆಗೆಯುತ್ತಾನೆ:

“ಹೆಚ್ಚು ಬೆಲೆಯದೇನೂ ಬೇಡ. ಸಣ್ಣದೊಂದು ರಿವಾಲ್ವರು ಸಾಕು. ದಿಂಬಿನ ಕೆಳಗೆ ಇದ್ದರೆ ಒಂದು ಧೈರ್ಯ.”

“ಆ ದಿಂಬನ್ನು ದಿನವೂ ಎತ್ತಿ ಹಾಸಿಗೆ ಮಡಿಸುವವಳು ನಾನು, ನೆನಪಿರಲಿ,” ಎನ್ನುತ್ತಾಳೆ ಹೆಂಡತಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಸೋದರಮಾವ ಆ ದಿನ ಮನೆಗೆ ಬಂದಿದ್ದಾನೆಂದು ಇಟ್ಟುಕೊಳ್ಳೋಣ. ಲೋಹದ ಗುಣಾವಗುಣ ಬಲ್ಲ ಮುದುಕ. ಅವನು ಯಾರ ಪಕ್ಷವನ್ನೂ ವಹಿಸುವುದಿಲ್ಲ.

“ಕೊಳ್ಳುವುದಾದರೆ ತಿಳಿದು ಕೊಳ್ಳು, ಮಗೂ. ಬಿಡುವುದಾದರೂ ತಿಳಿದೇ ಬಿಡು,” ಎನ್ನುತ್ತಾನೆ.

ಈ ಮಾತು ನ್ಯಾಯವಾದದ್ದು. ಅಗ್ಗದ, ಸಣ್ಣ ಬೋರಿನ ರಿವಾಲ್ವರೊಂದನ್ನು ಆರಿಸುವುದೆಂದರೆ ಏನು? ಕೊಳ್ಳಲು ಏನೇನು ಸಿಗುತ್ತದೆ? ಕಾನೂನು ಏನು ಹೇಳುತ್ತದೆ? ಕೊನೆಯಲ್ಲಿ, ಆ ವಸ್ತು ಮನೆಯೊಳಗೆ ಬಂದ ಮೇಲೆ ಆಗುವುದೇನು?

ಸಣ್ಣ ಬೋರು ಎಂದರೆ

ನಳಿಗೆಯ ಒಳವ್ಯಾಸಕ್ಕೆ ಬೋರು ಎಂಬ ಹೆಸರು. ಅದನ್ನು ಅಂಗುಲದ ನೂರನೆಯ ಭಾಗಗಳಲ್ಲಿ ಹೇಳುವ ರೂಢಿ ಇಂಗ್ಲೆಂಡ್, ಅಮೆರಿಕಗಳಿಂದ ಬಂದದ್ದು. ಪಾಯಿಂಟ್ 22 ಎಂದರೆ ಸುಮಾರು ಐದೂವರೆ ಮಿಲಿಮೀಟರು. ಪಾಯಿಂಟ್ 32 ಎಂದರೆ ಸುಮಾರು ಎಂಟು ಮಿಲಿಮೀಟರು.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ತಿರುಗುವ ಕೊಳವೆಯ ಕೈಬಂದೂಕಕ್ಕೆ ಆ ದೇಶದಲ್ಲಿ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಅವನ ಆಯುಧಕ್ಕೆ ಮದ್ದು, ಗುಂಡು, ಕೇಪು ಇವನ್ನು ಬೇರೆ ಬೇರೆಯಾಗಿ ತುಂಬಬೇಕಾಗಿತ್ತು. 1857ರಲ್ಲಿ ಸ್ಮಿತ್ ಮತ್ತು ವೆಸನ್ ಎಂಬ ಇಬ್ಬರು ಪಾಯಿಂಟ್ 22 ಬೋರಿನ ಪುಟ್ಟ ರಿವಾಲ್ವರೊಂದನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಸಿದ್ಧವಾದ ಲೋಹದ ತೋಟಾವನ್ನು ಸೇರಿಸಿದರೆ ಮುಗಿಯಿತು. ಜೇಬಿನಲ್ಲಿ ಹಿಡಿಯುವ, ಸಾಮಾನ್ಯನೂ ಬಳಸಬಲ್ಲ ಸಣ್ಣ ಬೋರಿನ ರಿವಾಲ್ವರಿನ ವಂಶ ಅಲ್ಲಿಂದ ಬೆಳೆಯಿತೆನ್ನಬಹುದು.

ಭಾರತದಲ್ಲಿ ಸಾಮಾನ್ಯ ನಾಗರಿಕನಿಗೆ ಬೋರಿನ ಆಯ್ಕೆ ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಸೈನ್ಯ, ಪೋಲೀಸು ಪಡೆಗಳು ಬಳಸುವ ಪಾಯಿಂಟ್ 38, ಪಾಯಿಂಟ್ 455, 9 ಮಿಲಿಮೀಟರು ಮೊದಲಾದವು ಇಲ್ಲಿ ನಿಷಿದ್ಧ ಬೋರುಗಳು. ಸರ್ಕಾರಿ ಗುಂಡು ಖಾಸಗಿ ಬಂದೂಕಕ್ಕೆ ಹೊಂದಬಾರದೆಂಬ ವಸಾಹತು ಕಾಲದ ಎಚ್ಚರಿಕೆ ಇದರ ಹಿಂದಿದೆ. ಹೀಗಾಗಿ ನಮ್ಮಲ್ಲಿ ಕೈಬಂದೂಕ ಎಂದರೆ ಬಹುಮಟ್ಟಿಗೆ ಪಾಯಿಂಟ್ 32. ಅದಕ್ಕಿಂತ ಸಣ್ಣದು ಬೇಕೆಂದರೆ ಪಾಯಿಂಟ್ 22.

‘ಸಣ್ಣದು’ ಎಂಬ ಮಾತಿನಿಂದ ಯಾರೂ ಮೋಸಹೋಗಬಾರದು. ಪಾಯಿಂಟ್ 22 ತೋಟಾಗಳ ಪೆಟ್ಟಿಗೆಯ ಮೇಲೆ ಒಂದು ಮೈಲಿ ದೂರದವರೆಗೆ ಅಪಾಯವೆಂದು ತಯಾರಕರೇ ಅಚ್ಚುಮಾಡುತ್ತ ಬಂದಿದ್ದಾರೆ. ಹಲಗೆಯ ಅಡ್ಡಗೋಡೆ, ತೆಳುವಾದ ಬಾಗಿಲು, ಒಂದಕ್ಕೊಂದು ಅಂಟಿಕೊಂಡ ಮನೆಗಳು ಇರುವ ಬೀದಿಯಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗಿ ನಿಲ್ಲುವುದೆಂದು ಹೇಳುವವರಾರು? ಅತ್ತಲಿನ ಕೋಣೆಯಲ್ಲಿ ಮಲಗಿದವರು ನಮ್ಮವರೇ. ಗೋಡೆಯಾಚೆ ಇರುವವರು ನೆರೆಯವರು.

ಕೊಳ್ಳಲು ಸಿಗುವುದೇನು?

1980ರ ದಶಕದ ನಡುಭಾಗದಿಂದ ಸಾಮಾನ್ಯ ನಾಗರಿಕರ ಬಳಕೆಗೆಂದು ವಿದೇಶಿ ಕೈಬಂದೂಕಗಳನ್ನು ತರಿಸುವ ದಾರಿ ಮುಚ್ಚಿದೆ. ಅದಕ್ಕೆ ಮುಂಚೆ ಬಂದಿದ್ದ ಇಂಗ್ಲಿಷ್, ಅಮೆರಿಕನ್ ರಿವಾಲ್ವರುಗಳು ಕೈಯಿಂದ ಕೈಗೆ ದಾಟುತ್ತ, ಹಳತಾದಷ್ಟೂ ಬೆಲೆ ಏರಿಸಿಕೊಳ್ಳುತ್ತಿವೆ. ಅಜ್ಜನ ಕಾಲದ ವೆಬ್ಲಿ ರಿವಾಲ್ವರು ಅಗ್ಗವಾಗಿ ಸಿಕ್ಕೀತೆಂದು ಹೊರಟವನು ಬರಿಗೈಯಲ್ಲಿ ಮರಳುತ್ತಾನೆ.

ದೇಶೀಯ ಆಯುಧಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರು. ಹಳೆಯ ವೆಬ್ಲಿಯ ಮಾದರಿಯನ್ನೇ ಅನುಸರಿಸಿದ ಆರು ಗುಂಡುಗಳ ಆಯುಧ. ಮೇಲಿನ ಚಿಲಕವನ್ನು ಬಿಡಿಸಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಬಳಸಿದ ತೋಟಾಗಳ ಚಿಪ್ಪುಗಳು ಹೊರಕ್ಕೆ ಬರುತ್ತವೆ.

ಕಾನ್ಪುರದ ಸರ್ಕಾರಿ ಕಾರ್ಖಾನೆಯೊಂದು 2014ರ ಜನವರಿಯಲ್ಲಿ ‘ನಿರ್ಭೀಕ್’ ಎಂಬ ಹಗುರವಾದ ಪಾಯಿಂಟ್ 32 ರಿವಾಲ್ವರನ್ನು ಹೊರತಂದಿತು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಅತ್ಯಾಚಾರದ ತರುವಾಯ, ಮಹಿಳೆಯರ ರಕ್ಷಣೆಗೆಂದೇ ಅದನ್ನು ಪ್ರಚಾರ ಮಾಡಲಾಯಿತು. ಟೈಟೇನಿಯಮ್ ಮಿಶ್ರಲೋಹದಿಂದ ಮಾಡಿದ ಅದರ ತೂಕ ಸುಮಾರು 500 ಗ್ರಾಂ. ಅಂದಿನ ಬೆಲೆ 1,22,000 ರೂಪಾಯಿಗೂ ಮಿಗಿಲು. ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳೊಬ್ಬಳು ಅಷ್ಟು ಹಣವನ್ನು ಎಲ್ಲಿಂದ ತಂದಾಳೆಂದು ಅನೇಕರು ಆಗಲೇ ಪ್ರಶ್ನಿಸಿದ್ದರು. ಕೆಲವು ವರ್ಷಗಳ ಬಳಿಕ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ‘ನಿಡರ್’ ಎಂಬ ಪಾಯಿಂಟ್ 22 ರಿವಾಲ್ವರನ್ನು ತಂದಿತು. ತೂಕ ಸುಮಾರು 250 ಗ್ರಾಂ. ಬೆಲೆ ತೆರಿಗೆ ಬಿಟ್ಟು ಸುಮಾರು 35,000 ರೂಪಾಯಿ ಎಂದು ಆಗ ಪ್ರಕಟವಾಗಿತ್ತು. ಅಗ್ಗದ ಸಣ್ಣ ಬೋರು ಎಂಬ ಮಾತಿಗೆ ನಮ್ಮ ದೇಶದಲ್ಲಿ ಹತ್ತಿರದ ಉದಾಹರಣೆ ಇದೇ.

2021ರ ಅಕ್ಟೋಬರ್ 1ರಂದು ಹಳೆಯ ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿ ವಿಸರ್ಜನೆಯಾಗಿ ಅದರ ಕಾರ್ಖಾನೆಗಳು ಏಳು ಸರ್ಕಾರಿ ಕಂಪನಿಗಳಿಗೆ ಹಂಚಿಹೋದವು. ಬಂದೂಕ ತಯಾರಿಸುವ ಕಾರ್ಖಾನೆಗಳನ್ನು ವಹಿಸಿಕೊಂಡ ಕಾನ್ಪುರದ ಕಂಪನಿ 2023ರ ಆಗಸ್ಟಿನಲ್ಲಿ ‘ಪ್ರಬಲ್’ ಎಂಬ ಪಾಯಿಂಟ್ 32 ರಿವಾಲ್ವರನ್ನು ಬಿಡುಗಡೆ ಮಾಡಿತು. ತೂಕ ಸುಮಾರು 700 ಗ್ರಾಂ. ನಳಿಗೆಯ ಉದ್ದ 76 ಮಿಲಿಮೀಟರು. ತೋಟಾ ತುಂಬುವ ಉರುಳೆ ಪಕ್ಕಕ್ಕೆ ಹೊರಳುತ್ತದೆ.

ಕಾರ್ಖಾನೆ ಹೇಳಿದ ಬೆಲೆಯೇ ಕೊನೆಯ ಬೆಲೆಯಲ್ಲ. ಸರಕು ಮತ್ತು ಸೇವಾ ತೆರಿಗೆಯ ಪಟ್ಟಿಯಲ್ಲಿ ರಿವಾಲ್ವರು, ಪಿಸ್ತೂಲುಗಳ ಮೇಲಿನ ತೆರಿಗೆ ಮೊದಲು ನೂರಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ನೂರಕ್ಕೆ 40 ಆಗಿದೆ. ಖಾಸಗಿ ವಿಮಾನ, ವಿಹಾರ ನೌಕೆಗಳ ಸಾಲಿನಲ್ಲಿ ಸರ್ಕಾರ ರಿವಾಲ್ವರನ್ನೂ ಕೂರಿಸಿದೆ. ಒಂದು ಲಕ್ಷದ ಆಯುಧಕ್ಕೆ ನಲವತ್ತು ಸಾವಿರ ತೆರಿಗೆಯೇ ಆಯಿತು.

ಕೈಗೆ ತೆಗೆದುಕೊಂಡಾಗ

ಸೋದರಮಾವ ಇಲ್ಲಿ ಬಾಯಿ ಹಾಕುತ್ತಾನೆ: “ಹಗುರವಾದದ್ದೇ ಒಳ್ಳೆಯದೆಂದು ತಿಳಿಯಬೇಡ.”

ಅವನ ಮಾತು ದಿಟ. ಹಗುರವಾದ ಆಯುಧ ಜೇಬಿಗೆ ಸುಲಭ, ಕೈಗೆ ಕಷ್ಟ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ತಡೆದುಕೊಳ್ಳಲು ತೂಕ ನೆರವಾಗುತ್ತದೆ. ತೂಕ ಇಳಿದಷ್ಟೂ ಒದೆತ ಹೆಚ್ಚು. ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವುದು ಕಠಿಣ. ಒಂದೇ ಎಳೆತದಲ್ಲಿ ಉರುಳೆ ತಿರುಗಿ ಗುಂಡು ಹಾರುವ ರಿವಾಲ್ವರಿನ ಟ್ರಿಗರ್ ಬಿಗಿಯಾಗಿರುತ್ತದೆ. ಆ ಬಿಗಿತ ಆಕಸ್ಮಿಕವನ್ನು ತಪ್ಪಿಸುವುದಕ್ಕೆ ಒಳ್ಳೆಯದು. ಆದರೆ ಅಭ್ಯಾಸವಿಲ್ಲದ ಬೆರಳು ಎಳೆಯುವಾಗ ನಳಿಗೆಯ ತುದಿ ಆಚೀಚೆ ಸರಿಯುತ್ತದೆ. ಹತ್ತು ಅಡಿಯ ದೂರದಲ್ಲಿಯೂ ಗುರಿ ತಪ್ಪುವುದು ಆಗಲೇ. ಆದ್ದರಿಂದ ಮನೆಯಲ್ಲಿ ಅದನ್ನು ಯಾರು ಹಿಡಿಯಬೇಕೋ ಅವರ ಕೈಯ ಅಳತೆಗೆ, ಬೆರಳಿನ ಬಲಕ್ಕೆ ಹೊಂದುವುದನ್ನು ಆರಿಸಬೇಕೇ ಹೊರತು ಅಂಗಡಿಯ ಗಾಜಿನೊಳಗೆ ಮಿನುಗುವುದನ್ನಲ್ಲ.

ಹಳೆಯದನ್ನು ಕೊಳ್ಳುವುದಾದರೆ ಪರೀಕ್ಷೆ ಇನ್ನೂ ಬಿಗಿಯಾಗಿರಬೇಕು. ಉರುಳೆಯ ಪ್ರತಿಯೊಂದು ಗೂಡೂ ನಳಿಗೆಗೆ ನೇರವಾಗಿ ಬಂದು ಅಲುಗದೆ ನಿಲ್ಲಬೇಕು. ಅದು ಕೂದಲೆಳೆಯಷ್ಟು ಸರಿದರೂ ಸೀಸದ ಚೂರು ಹೊರಕ್ಕೆ ಸಿಡಿಯಬಹುದು. ನಳಿಗೆಯೊಳಗೆ ತುಕ್ಕಿನ ಗುಳಿಗಳಿರಬಾರದು. ಆಯುಧದ ಮೇಲೆ ಕೊರೆದ ಸಂಖ್ಯೆ ಲೈಸೆನ್ಸಿನ ಸಂಖ್ಯೆಯೊಂದಿಗೆ ಅಕ್ಷರಶಃ ಕೂಡಬೇಕು. ಲೈಸೆನ್ಸುದಾರನೊಬ್ಬ ಮತ್ತೊಬ್ಬ ಲೈಸೆನ್ಸುದಾರನಿಗೆ ನೇರವಾಗಿ ಮಾರುವಾಗ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ತಿಳಿವಳಿಕೆ ಕೊಟ್ಟು 45 ದಿನಗಳು ಕಳೆಯಬೇಕೆಂದು ಶಸ್ತ್ರಾಸ್ತ್ರ ಕಾಯಿದೆಯ 5ನೆಯ ವಿಧಿ ಹೇಳುತ್ತದೆ. “ಕಾಗದ ಗೀಗದ ಗೊಡವೆ ಬೇಡ, ಅರ್ಧ ಬೆಲೆಗೆ ಕೊಡಿಸುತ್ತೇನೆ,” ಎನ್ನುವವನ ಮಾತಿಗೆ ಕಿವಿಗೊಟ್ಟರೆ ಮುಗಿಯಿತು. ಲೈಸೆನ್ಸಿಲ್ಲದ ಬಂದೂಕ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆಮನೆ, ಮೇಲೆ ದಂಡ. ಅದಕ್ಕಿಂತ ದುಬಾರಿಯಾದ ಅಗ್ಗ ಮತ್ತೊಂದಿರಲಾರದು.

ಮಲೆನಾಡಿನ ಕೋವಿ, ಪೇಟೆಯ ರಿವಾಲ್ವರು

“ತೀರ್ಥಹಳ್ಳಿಯ ಕಡೆ ತೋಟದ ಮನೆಗಳಲ್ಲಿ ಕೋವಿ ಇಲ್ಲವೇ? ನಮಗೇಕೆ ಇಷ್ಟು ತೊಡಕು?” ಎಂದು ಯಜಮಾನ ಕೇಳಬಹುದು.

ಶಿವಮೊಗ್ಗೆಯ ಸೀಮೆಗೆ ಮದ್ದುಗುಂಡು ಹೊಸತೇನೂ ಅಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಬಾವಿಯೊಂದರ ಹೂಳು ತೆಗೆದಾಗ ಟಿಪ್ಪುವಿನ ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿ, ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿದುವು. ಹಂದಿ, ಮಂಗಗಳ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಕೇಪಿನ ಕೋವಿ, ಜೋಡುನಳಿಗೆಯ ಕೋವಿ ಇಟ್ಟುಕೊಂಡ ಮನೆಗಳು ಮಲೆನಾಡಿನಲ್ಲಿ ಹಿಂದಿನಿಂದಲೂ ಇವೆ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು.

ಆದರೆ ಕೋವಿಯೂ ರಿವಾಲ್ವರೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ, ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆಯ ರಕ್ಷಣೆಗೋ ಕೇಳಿದಾಗ, ಅಡ್ಡಿಯಿಲ್ಲದಿದ್ದರೆ ಲೈಸೆನ್ಸು ಕೊಡಬೇಕೆಂದು ಕಾಯಿದೆಯ 13ನೆಯ ವಿಧಿ ಹೇಳುತ್ತದೆ. ಉಳಿದ ಆಯುಧಗಳಿಗೆ ಅರ್ಜಿದಾರನಲ್ಲಿ ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ರಿವಾಲ್ವರು ಈ ಎರಡನೆಯ ಪಂಕ್ತಿಗೆ ಸೇರಿದ್ದು. ಕಾರಣ ಸುಲಭವಾಗಿ ತಿಳಿಯುವಂಥದು. ಕೋವಿಯನ್ನು ಹೊತ್ತು ಹೊರಟವನು ಊರಿಗೆಲ್ಲ ಕಾಣುತ್ತಾನೆ. ಜೇಬಿನಲ್ಲಿ ಅಡಗಿದ್ದು ಯಾರಿಗೂ ಕಾಣುವುದಿಲ್ಲ.

ಬ್ರಿಟಿಷರು 1878ರ ಶಸ್ತ್ರಾಸ್ತ್ರ ಕಾಯಿದೆಯ ಮೂಲಕ ಭಾರತೀಯರನ್ನು ನಿರಾಯುಧರನ್ನಾಗಿಸಿದಾಗ ದೇಶ ಅದನ್ನು ಅಪಮಾನವೆಂದು ಬಗೆಯಿತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಅದು ಸಂವಿಧಾನದ ಮೂಲಭೂತ ಹಕ್ಕುಗಳ ಸಾಲಿಗೆ ಸೇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸಬಾರದೆಂಬ ಮಾತು ಅದರಲ್ಲಿದೆ. ಆಯುಧ ಶ್ರೀಮಂತರ ಸೊತ್ತಲ್ಲ ಎಂಬ ನ್ಯಾಯ ಅದರ ಹಿಂದಿದೆ.

ಅರ್ಜಿಯ ದಾರಿ

ಶಿವಮೊಗ್ಗೆಯಂಥ ಜಿಲ್ಲೆಯಲ್ಲಿ ಲೈಸೆನ್ಸು ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಗಳು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2016ರ ನಿಯಮಗಳ ಪ್ರಕಾರ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪತ್ರ, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪತ್ರ, ಭದ್ರವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಇವೆಲ್ಲ ಬೇಕು. ಪೋಲೀಸರು ವಿಚಾರಣೆ ನಡೆಸಿ ವರದಿ ಒಪ್ಪಿಸುತ್ತಾರೆ. ನಿರಾಕರಣೆಯಾದರೆ ಕಾರಣವನ್ನು ಬರಹದಲ್ಲಿ ಕೇಳಬಹುದು, ಮೇಲ್ಮನವಿಗೂ ಅವಕಾಶವುಂಟು. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ ಐದು ವರ್ಷ. ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕಗಳು ಮೂರರಿಂದ ಎರಡಕ್ಕೆ ಇಳಿದಿವೆ.

ಲೈಸೆನ್ಸು ಕೈಗೆ ಬಂದ ಮೇಲೂ ಕೆಲಸ ಮುಗಿಯದು. ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಗೊಪ್ಪಿಸಿ ರಸೀತಿ ಪಡೆಯುವ ಪಾಳಿ ಬರುತ್ತದೆ. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಉಂಟು. ಯಜಮಾನ ತೀರಿಕೊಂಡರೆ, ದುಃಖದ ನಡುವೆಯೂ ಮನೆಯವರು ವಿಳಂಬಿಸದೆ ಆಯುಧವನ್ನು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಲೇಬೇಕು. ತಂದೆಯ ನೆನಪಿಗೆಂದು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟರೆ ಆ ನೆನಪೇ ಅಪರಾಧವಾಗುತ್ತದೆ.

ಗುಂಡು ಹಾರಿದ ಮರುಗಳಿಗೆ

ಕಳ್ಳ ಬಂದ; ಯಜಮಾನ ಗುಂಡು ಹಾರಿಸಿದ. ಮುಂದೇನು? ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಸಂಸಾರದ ಕಥೆ ಅಲ್ಲಿಂದ ಮೊದಲಾಗುತ್ತದೆ.

ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ವಿಧಿಗಳು ಅದಕ್ಕೇ ಮೀಸಲು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಕೇಡು ಮಾಡಬಾರದು. ಸರ್ಕಾರಿ ರಕ್ಷಣೆಯನ್ನು ಪಡೆಯಲು ಸಮಯವಿದ್ದಾಗ ಆ ಹಕ್ಕು ಇರುವುದಿಲ್ಲ. ಸೊತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವಷ್ಟು ದೂರ ಹೋಗಲು ಸುಲಿಗೆ, ರಾತ್ರಿಯ ಕನ್ನ, ಬೆಂಕಿ ಹಚ್ಚುವಿಕೆ, ಪ್ರಾಣಭಯ ಅಥವಾ ತೀವ್ರ ಗಾಯದ ಭಯ ಹುಟ್ಟಿಸುವ ಕಳ್ಳತನ ಮುಂತಾದ ಕೆಲವೇ ಸಂದರ್ಭಗಳಲ್ಲಿ ಅನುಮತಿ. ಚಿಲ್ಲರೆ ಸಾಮಾನು ಹೊತ್ತು ಬೀದಿಗಿಳಿದು ಓಡುತ್ತಿರುವ ಹುಡುಗನ ಬೆನ್ನಿಗೆ ಗುಂಡು ಹಾರಿಸಿದವನು, ತನ್ನ ಪ್ರಾಣಕ್ಕೆ ಆಗ ಏನು ಅಪಾಯವಿತ್ತೆಂದು ನ್ಯಾಯಾಲಯಕ್ಕೆ ವಿವರಿಸಬೇಕಾಗುತ್ತದೆ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಎರಡು ಕ್ಷಣದಲ್ಲಿ ಮಾಡಿದ ತೀರ್ಮಾನವನ್ನು ನ್ಯಾಯಾಧೀಶರು ಹಗಲು ಬೆಳಕಿನಲ್ಲಿ ವರ್ಷಗಳ ಕಾಲ ತೂಗಿ ನೋಡುತ್ತಾರೆ.

ಕತ್ತಲಲ್ಲಿ ಬಾಗಿಲು ತೆರೆದವನು ಕಳ್ಳನೇ ಎಂಬುದಕ್ಕೆ ಸಾಕ್ಷಿಯಾದರೂ ಏನು? ಸ್ನೇಹಿತರೊಂದಿಗೆ ಎರಡನೆಯ ಆಟದ ಸಿನಿಮಾ ನೋಡಿ ಸದ್ದಿಲ್ಲದೆ ಮೆಟ್ಟಿಲೇರುವ ಮಗನೂ ಆಗಿರಬಹುದು.

ಹೊರಗಿನ ಭಯ, ಒಳಗಿನ ಅಪಾಯ

ಅಮೆರಿಕದಲ್ಲಿ ಮನೆಮನೆಗೂ ಬಂದೂಕ ಸಾಮಾನ್ಯ. ಅಲ್ಲಿಯ ವೈದ್ಯರು ಈ ವಿಷಯವನ್ನು ಲೆಕ್ಕವಿಟ್ಟು ನೋಡಿದ್ದಾರೆ. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗೆ, ಬಂದೂಕ ಇಟ್ಟಿದ್ದ ಮನೆಯೊಳಗೇ ಸಂಭವಿಸಿದ 398 ಗುಂಡಿನ ಸಾವುಗಳನ್ನು ಅವರು ಪರಿಶೀಲಿಸಿ, 1986ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 333 ಆತ್ಮಹತ್ಯೆಗಳು, 41 ಕೊಲೆಗಳು, 12 ಆಕಸ್ಮಿಕಗಳು. ಆತ್ಮರಕ್ಷಣೆಯ ಲೆಕ್ಕಕ್ಕೆ ಬಂದವು ಕೇವಲ 9. ಅಂದರೆ ರಕ್ಷಣೆಗಾಗಿ ಆದ ಒಂದೊಂದು ಸಾವಿಗೆ ಪ್ರತಿಯಾಗಿ ಇತರ 43 ಸಾವುಗಳು. ಗುಂಡು ಹಾರಿಸದೆಯೇ ಕಳ್ಳನನ್ನು ಬೆದರಿಸಿ ಓಡಿಸಿದ ಪ್ರಸಂಗಗಳು ಈ ಲೆಕ್ಕದಲ್ಲಿ ಇಲ್ಲವೆಂಬುದನ್ನು ನೆನೆಯಬೇಕು. ಆದರೂ ಅಂಕಿಗಳು ಕಣ್ಣು ತೆರೆಸುವಂತಿವೆ. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಮಿಗಿಲಾದ ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೂ, ಕೈಬಂದೂಕ ಹೊಂದಿದವರಲ್ಲಿ ಗುಂಡಿನಿಂದಾಗುವ ಆತ್ಮಹತ್ಯೆ ಬಹುಪಟ್ಟು ಹೆಚ್ಚೆಂದು ತೋರಿಸಿತು.

ಅಮೆರಿಕದ ಮನೆ ಬೇರೆ, ದುರ್ಗಿಗುಡಿಯ ಮನೆ ಬೇರೆ ಎನ್ನಬಹುದು. ಆದರೆ ಪರೀಕ್ಷೆಯ ಫಲಿತಾಂಶ ಬಂದ ಸಂಜೆ, ವ್ಯಾಪಾರ ಮುಳುಗಿದ ತಿಂಗಳು, ಅಣ್ಣತಮ್ಮಂದಿರ ಪಾಲಿನ ಜಗಳ, ಮುಪ್ಪಿನ ಬೇಸರ ಇವು ಎರಡೂ ಕಡೆ ಇವೆ. ಮನುಷ್ಯನ ಕೆಟ್ಟ ಗಳಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ಅದು ದಾಟಿಹೋಗುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಮನಸ್ಸು ಕುಗ್ಗಿದವರು ಯಾವ ಹೊತ್ತಿನಲ್ಲಾದರೂ 14416 ಸಂಖ್ಯೆಗೆ ದೂರವಾಣಿ ಮಾಡಿ ಸರ್ಕಾರದ ಟೆಲಿ ಮಾನಸ್ ಸೇವೆಯವರೊಂದಿಗೆ ಮಾತನಾಡಬಹುದೆಂಬುದನ್ನು ಪ್ರತಿಯೊಂದು ಸಂಸಾರವೂ ತಿಳಿದಿರಬೇಕು.

ಇದರಿಂದ ರಿವಾಲ್ವರು ಕೊಂಡವನ ಮೊದಲ ಕರ್ತವ್ಯ ತಾನಾಗಿಯೇ ಸ್ಪಷ್ಟವಾಗುತ್ತದೆ. ಆಯುಧವನ್ನು ಗುಂಡು ತೆಗೆದೇ ಇಡಬೇಕು. ಅದಕ್ಕೊಂದು ಉಕ್ಕಿನ ಪೆಟ್ಟಿಗೆ ಇರಬೇಕು; ತೋಟಾಗಳು ಬೇರೆ ಬೀಗದಲ್ಲಿರಬೇಕು. ಬೀಗದ ಕೈ ಗೂಟಕ್ಕೆ ತೂಗುಹಾಕುವ ವಸ್ತುವಲ್ಲ. ಮಕ್ಕಳಿಗೆ ತೋರಿಸಿ ಮೆಚ್ಚಿಸುವ ಆಟಿಕೆ ಅದಲ್ಲ. ನೆಂಟರೆದುರು ತೆಗೆದು ಮೆರೆಯುವ ಆಭರಣವೂ ಅಲ್ಲ. ವರ್ಷಕ್ಕೊಮ್ಮೆಯಾದರೂ ಗುರಿಯ ಅಭ್ಯಾಸ ಮಾಡದವನು ಅದನ್ನು ಇಟ್ಟುಕೊಳ್ಳದಿರುವುದೇ ಲೇಸು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೋಲೀಸು ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಕೊಳ್ಳುವ ಯೋಚನೆಯುಳ್ಳವರು ಮೊದಲು ಅಂಥ ಶಿಬಿರವೊಂದಕ್ಕೆ ಸೇರಿ, ಗುಂಡಿನ ಸದ್ದು ಎಂಥದೆಂದು ಕಿವಿಯಾರೆ ಕೇಳಿ ಬಂದರೆ ಅರ್ಧ ತೀರ್ಮಾನ ಅಲ್ಲಿಯೇ ಆಗಿಬಿಡುತ್ತದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ನಿಯಮದಂತೆ ಬೀಗದೊಳಗಿಟ್ಟ ರಿವಾಲ್ವರು ಕಳ್ಳ ನುಗ್ಗಿದ ಕ್ಷಣಕ್ಕೆ ಕೈಗೆ ಬರುವುದು ಕಷ್ಟ; ಕೈಗೆ ಬರುವಂತೆ ದಿಂಬಿನ ಕೆಳಗಿಟ್ಟದ್ದು ಮಕ್ಕಳ ಕೈಗೂ ಬರುತ್ತದೆ. ಅಗ್ಗದ್ದಾಗಲಿ ದುಬಾರಿಯದಾಗಲಿ, ಈ ತೊಡಕನ್ನು ಬಿಡಿಸಬಲ್ಲ ರಿವಾಲ್ವರನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಲೆಕ್ಕದ ಪುಸ್ತಕ

ಯಾರಿಗೂ ಇದು ಬೇಡವೇ ಬೇಡ ಎಂದು ಹೇಳುವಂತಿಲ್ಲ. ನಿಜವಾದ ಬೆದರಿಕೆ ಎದುರಿಸುತ್ತಿರುವವರು, ನಿರ್ಜನ ಪ್ರದೇಶದಲ್ಲಿ ಅಮೂಲ್ಯ ಸೊತ್ತಿನೊಂದಿಗೆ ಓಡಾಡಲೇಬೇಕಾದವರು ಇದ್ದಾರೆ. ಅವರಿಗಾಗಿಯೇ ಕಾನೂನು ಬಾಗಿಲನ್ನು ಅರೆತೆರೆದು ಇಟ್ಟಿದೆ. ಅಂಥವರು ಹೊಳಪಿಗೂ ಹಗುರಕ್ಕೂ ಮರುಳಾಗದೆ, ಸುಲಭವಾಗಿ ತೋಟಾ ಸಿಗುವ, ಕೈಗೆ ಒಗ್ಗುವ, ದುರಸ್ತಿಗೆ ದಾರಿಯಿರುವ ಸರಳವಾದ ಪಾಯಿಂಟ್ 32 ಕೊಳ್ಳುವುದು ವಿವೇಕ. ಪಾಯಿಂಟ್ 22 ಅಗ್ಗವೂ ಹಗುರವೂ ಹೌದು. ಆದರೆ ಎದುರಾಳಿಯನ್ನು ತಡೆದು ನಿಲ್ಲಿಸುವ ಬಲ ಅದಕ್ಕೆ ಕಡಿಮೆ, ಪ್ರಾಣ ತೆಗೆಯುವ ಬಲ ಮಾತ್ರ ಸಾಕಷ್ಟು.

ದುರ್ಗಿಗುಡಿಯ ಯಜಮಾನ ಅಂದು ರಾತ್ರಿ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲುಗಳನ್ನು ಬರೆಯುತ್ತಾನೆ. ಒಂದು ಕಡೆ ಆಯುಧದ ಬೆಲೆ, ನೂರಕ್ಕೆ ನಲವತ್ತರ ತೆರಿಗೆ, ಉಕ್ಕಿನ ಪೆಟ್ಟಿಗೆ, ತೋಟಾ, ತರಬೇತಿ, ಕಛೇರಿಯ ಅಲೆದಾಟ. ಇನ್ನೊಂದು ಕಡೆ ಮೆಟ್ಟಿಲ ಬಾಯಿಗೆ ಕಬ್ಬಿಣದ ಬಾಗಿಲು, ಹಿತ್ತಲಿಗೆ ದೀಪ, ಒಂದು ಗಂಟೆ, ಅಂದಿನ ಹಣವನ್ನು ಅಂದೇ ಬ್ಯಾಂಕಿಗೆ ಸೇರಿಸುವ ಏರ್ಪಾಡು, ನೆರೆಯ ನಾಲ್ಕು ಅಂಗಡಿಯವರು ಕೂಡಿ ನೇಮಿಸುವ ಕಾವಲುಗಾರ, ಕರೆದಾಗ ಪೋಲೀಸರು ಬರುವ 112ರ ಸಂಖ್ಯೆ. ಎರಡನೆಯ ಸಾಲಿನ ಮೊತ್ತ ಮೊದಲಿನದರ ಅರ್ಧವನ್ನೂ ಮುಟ್ಟುವುದಿಲ್ಲ.

ಇಷ್ಟು ಹೊತ್ತು ಜಪಮಣಿ ಎಣಿಸುತ್ತ ಸುಮ್ಮನೆ ಕುಳಿತಿದ್ದ ತಾಯಿ ಆಗ ತಲೆಯೆತ್ತುತ್ತಾಳೆ. “ಚಿನ್ನದ ಚೂರಿಯೆಂದು ಯಾರಾದರೂ ಕತ್ತು ಕೊಯ್ದುಕೊಳ್ಳುತ್ತಾರೆಯೇ, ಮಗೂ? ನಿನ್ನದು ಚಿನ್ನದ್ದೂ ಅಲ್ಲ, ಅಗ್ಗದ್ದು!”

ಸೋದರಮಾವ ನಗುತ್ತಾನೆ. ಕಬ್ಬಿಣದ ಬಾಗಿಲಿನ ಸರಳುಗಳು ಎಷ್ಟು ದಪ್ಪವಿರಬೇಕೆಂದು ಹೇಳುವ ಹೊಣೆ ಅವನದಾಗುತ್ತದೆ.

ವಾರ ಕಳೆದ ಮೇಲೆ ಬೆಳಗ್ಗೆ ಹಾಸಿಗೆ ಮಡಿಸುವಾಗ ಹೆಂಡತಿ ಗಂಡನ ದಿಂಬನ್ನೆತ್ತಿ ನೋಡುತ್ತಾಳೆ. ಕೆಳಗೆ ಒಂದು ಟಾರ್ಚು, ಜೊತೆಗೆ ಹೊಸ ಬಾಗಿಲಿನ ಬೀಗದ ಕೈ. ಅವೆರಡನ್ನೂ ಅಲ್ಲಿಯೇ ಬಿಟ್ಟು ಮಗನನ್ನು ಎಬ್ಬಿಸಲು ಹೋಗುತ್ತಾಳೆ.